ಅಕ್ಕನಿಗೆ ಹಿಡಿದ ಮಾತ್ರೆ

ಮೂರನೆಯ ಹೆರಿಗೆಯಾಗಿ ಎರಡು ತಿಂಗಳಿಗೆ ನನ್ನ ಅಕ್ಕ ಮಾತು ಬಿಟ್ಟಳು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಆಗ ಏಳೆಂಟು ವರ್ಷವಾಗಿತ್ತು. ಭಾವ ಅಮ್ಮತ್ತಿಯ ಹತ್ತಿರ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಬೆಳಗಾದರೆ ಆಳುಗಳ ಹಾಜರಿ ಬರೆಯಬೇಕು, ಸಂಜೆ ಕುಯ್ದು ತಂದ ಕಾಫಿಹಣ್ಣು ಅಳೆಸಬೇಕು. ಅದು ಪಿಕಿಂಗ್ ಸಮಯ. ಅವರಿಗೆ ಒಂದು ದಿನವೂ ಬಿಡುವಿರಲಿಲ್ಲ. ನಾನು ಸುಂಟಿಕೊಪ್ಪದ ಶಾಲೆಯಲ್ಲಿ ಟೀಚರು, ಮದುವೆಯಾಗದವಳು. ಹಾಗಾಗಿ ರಜೆ ಹಾಕಿ ಅಕ್ಕನ ಮನೆಗೆ ಹೋದವಳು ನಾನೇ.

ಅಕ್ಕ ಒಲೆಯ ಪಕ್ಕದ ಮಣೆಯ ಮೇಲೆ ಕೂತಿರುತ್ತಿದ್ದಳು. ಮಗು ಅತ್ತರೆ ಬೆಚ್ಚುತ್ತಿದ್ದಳೇ ಹೊರತು ಎತ್ತಿಕೊಳ್ಳುತ್ತಿರಲಿಲ್ಲ. ಊಟದ ತಟ್ಟೆ ಮುಂದಿಟ್ಟರೆ ಬೇರೆ ಯಾರದ್ದೋ ತಟ್ಟೆಯೆಂಬಂತೆ ನೋಡುತ್ತಿದ್ದಳು. ಆಳುಗಳ ಲೈನ್‌ಮನೆಯ ಹೆಂಗಸರು ಬಾಗಿಲಲ್ಲಿ ನಿಂತು ದೃಷ್ಟಿ ತೆಗೆಯಲು ಹೇಳಿ ಹೋದರು. ಭಾವ ಅದನ್ನೂ ಮಾಡಿಸಿದರು. ಕೊನೆಗೆ ಅವರ ಎಸ್ಟೇಟಿನ ಮೇನೇಜರು ಮಡಿಕೇರಿಗೆ ಹೊಸದಾಗಿ ಬಂದಿದ್ದ ಒಬ್ಬ ಡಾಕ್ಟರ ವಿಷಯ ಹೇಳಿ ಚೀಟಿ ಕೊಟ್ಟರು. ಆ ಡಾಕ್ಟರು ಬೆಂಗಳೂರಿನಲ್ಲಿ ಮನಸ್ಸಿನ ಕಾಯಿಲೆಯ ವಿಷಯ ಓದಿದವರಂತೆ.

ಡಾಕ್ಟರು ಚಿಕ್ಕ ವಯಸ್ಸಿನವರು. ಅಕ್ಕನನ್ನು ಒಂದಿಷ್ಟು ಕೇಳಿ, ಉತ್ತರ ಬಾರದೆ ನಮ್ಮ ಕಡೆ ತಿರುಗಿದರು.

"ಇವರ ತಂದೆ ತಾಯಿ ಕಡೆ ಯಾರಿಗಾದರೂ ಹೀಗೆ ಆಗಿತ್ತಾ?"

"ಇಲ್ಲ ಸಾರ್, ಯಾರಿಗೂ ಇಲ್ಲ" ಎಂದು ಭಾವ ತಕ್ಷಣ ಹೇಳಿದರು. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ನಾವು ಹೇಳಿರಲಿಲ್ಲ.

ನನಗೆ ಗೊತ್ತಿತ್ತು. ನಾನು ಎಂಟು ವರ್ಷದವಳಿದ್ದಾಗ ಅಪ್ಪ ಒಂದು ಇಡೀ ನಾಟಿಯ ಕಾಲ ಗದ್ದೆಗೆ ಇಳಿಯಲಿಲ್ಲ. ಜಗಲಿಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದರು. ಅವ್ವ ನೆರೆಯವರಿಗೆ ಸೊಂಟ ನೋವು ಎಂದು ಹೇಳಿ, ತಾನೇ ಆಳುಗಳ ಜೊತೆ ನಾಟಿ ಮುಗಿಸಿದಳು. ಕುಯ್ಲಿನ ಹೊತ್ತಿಗೆ ಅಪ್ಪ ತಾನಾಗಿ ಎದ್ದರು, ಏನೂ ಆಗಿಲ್ಲವೆಂಬಂತೆ ಕತ್ತಿ ಮಸೆದರು. ಮೂರು ನಾಲ್ಕು ವರ್ಷ ಬಿಟ್ಟು ಇನ್ನೊಮ್ಮೆ ಹಾಗೆಯೇ ಕೂತರು. ಆ ವಿಷಯ ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅವರು ಸತ್ತದ್ದು ಬೇರೆ ಕಾಯಿಲೆಯಲ್ಲಿ, ಎದೆಗೆ ಕಫ ಕಟ್ಟಿ. ಅವ್ವನೂ ಅವರ ಹಿಂದೆಯೇ ಹೋಗಿ ಆಗಲೇ ಕೆಲವು ವರ್ಷವಾಗಿತ್ತು.

ನಾನು ಡಾಕ್ಟರಿಗೆ ಹೇಳಿಬಿಟ್ಟೆ. ಭಾವ ನನ್ನ ಮುಖ ನೋಡಲಿಲ್ಲ. ಡಾಕ್ಟರು ಮಾತ್ರ ತಲೆಯಾಡಿಸಿ, "ಒಳ್ಳೆಯದಾಯ್ತು ಹೇಳಿದ್ದು" ಎಂದರು. ಆ ಮಾತು ಯಾಕೆ ಒಳ್ಳೆಯದೆಂದು ನನಗೆ ಆಗ ಅರ್ಥವಾಗಲಿಲ್ಲ.

ಅವರು ಕೊಟ್ಟದ್ದು ಸಣ್ಣ ಕೆಂಪು ಮಾತ್ರೆ, ಸಕ್ಕರೆಯ ಲೇಪ ಇದ್ದದ್ದು. ಮದ್ದು ಹೊಸದು, ತಾಳ್ಮೆ ಬೇಕು, ಎರಡು ಮೂರು ವಾರ ಏನೂ ಕಾಣುವುದಿಲ್ಲ ಎಂದರು. ಮೊಲೆಹಾಲು ಬಿಡಿಸಿ ಮಗುವಿಗೆ ಹಸುವಿನ ಹಾಲು ಕುಡಿಸಲು ಹೇಳಿದರು. ಮೂರನೆಯ ವಾರದ ಕೊನೆಗೆ ಒಂದು ಬೆಳಿಗ್ಗೆ ನಾನು ಕಾಫಿಬೀಜ ಹುರಿಯುತ್ತಿದ್ದೆ. ಹಿಂದಿನಿಂದ ಅಕ್ಕನ ಸ್ವರ ಕೇಳಿತು.

"ಎಂತದ್ ಅದ್, ಕರ್ಗೆ ಆಗಿಯುಟ್ಟು. ಬಾಣ್ಲಿ ಇಳ್ಸ್!"

ನಮ್ಮ ಮನೆಮಾತು ಅರೆಭಾಷೆ; ಕಪ್ಪಾಗಿದೆ, ಬಾಣಲೆ ಇಳಿಸು ಎಂದಳು. ಎರಡು ತಿಂಗಳಲ್ಲಿ ಅವಳು ಆಡಿದ ಮೊದಲ ಮಾತು ಒಂದು ಬೈಗುಳ. ನಾನು ಬಾಣಲೆ ಇಳಿಸದೆ ಅಳುತ್ತಾ ನಿಂತೆ. ಆ ದಿನದ ಬೀಜವೆಲ್ಲ ಸುಟ್ಟುಹೋಯಿತು. ಒಂದು ತಿಂಗಳಲ್ಲಿ ಅಕ್ಕ ಮೊದಲಿನ ಅಕ್ಕನಾದಳು. ಊರಿಗೆಲ್ಲ ಬಾಣಂತಿ ನಿಶ್ಶಕ್ತಿ ಎಂದು ಹೇಳಿದ್ದಾಯಿತು. ನಾನು ಸುಂಟಿಕೊಪ್ಪಕ್ಕೆ ವಾಪಸು ಬಂದೆ.

ನನ್ನ ಸರದಿ ಬಂದದ್ದು ಎರಡು ವರ್ಷದ ನಂತರ.

ನಾನು ಬಾಡಿಗೆಗಿದ್ದದ್ದು ಬಸ್ಸು ನಿಲ್ಲುವ ಜಾಗದಿಂದ ಸ್ವಲ್ಪ ಮೇಲೆ, ಒಬ್ಬ ಮಲಯಾಳಿ ಮಾಪಿಳ್ಳೆ ಮುದುಕಿಯ ಮನೆಯ ಹಿಂದಿನ ಕೋಣೆಯಲ್ಲಿ. ಅವರನ್ನು ಎಲ್ಲರೂ ಉಮ್ಮ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತಿದ್ದೆ. ಶಾಲೆಯಿಂದ ಬಂದು ಸೀಮೆಎಣ್ಣೆ ಸ್ಟವ್ ಹಚ್ಚಿ ಅನ್ನ ಬೇಯಿಸಿಕೊಳ್ಳುತ್ತಿದ್ದವಳು ಒಂದು ಮಳೆಗಾಲದ ಕೊನೆಗೆ ಸ್ಟವ್ ಹಚ್ಚುವುದನ್ನೇ ಬಿಟ್ಟೆ. ಹಸಿವಿರಲಿಲ್ಲ. ಆದರೆ ಮೈ ದಪ್ಪವಾಗುತ್ತಿತ್ತು. ರವಿಕೆಯ ತೋಳು ಬಿಗಿಯಾಯಿತು, ಉಂಗುರ ಬೆರಳಿನಿಂದ ಬರಲಿಲ್ಲ. ಚಳಿ ಎಂದರೆ ಹೇಳಲಾಗದ ಚಳಿ. ಮಕ್ಕಳು ಬೆವರುತ್ತಾ ಆಡುವ ಹೊತ್ತಿಗೆ ನಾನು ಸ್ವೆಟರ್ ಹಾಕಿ, ಅದರ ಮೇಲೆ ಸೆರಗು ಹೊದ್ದು ಕೂತಿರುತ್ತಿದ್ದೆ. ಬೋರ್ಡಿನ ಮೇಲೆ ಒಂದು ಸಾಲು ಬರೆದು ಮುಂದಿನ ಸಾಲಿಗೆ ಕೈ ಎತ್ತಲು ಬಹಳ ಹೊತ್ತು ಬೇಕಾಗುತ್ತಿತ್ತು.

ಮೈಯ ಕಥೆ ಇದಾದರೆ ಮನಸ್ಸಿನ ಕಥೆ ಹೇಳಲು ನನಗೆ ಇವತ್ತಿಗೂ ಪದ ಸಿಗುವುದಿಲ್ಲ. ದುಃಖ ಎಂದರೆ ತಪ್ಪಾಗುತ್ತದೆ. ದುಃಖಕ್ಕೆ ಒಂದು ಕಾರಣ, ಒಂದು ಬಿಸಿ ಇರುತ್ತದೆ. ನನಗೆ ಅವೆರಡೂ ಇರಲಿಲ್ಲ. ಮಕ್ಕಳು ಮಗ್ಗಿ ಹೇಳುವುದು ಪಕ್ಕದ ಊರಿನಿಂದ ಕೇಳಿದಂತೆ ಕೇಳುತ್ತಿತ್ತು. ಭಾನುವಾರ ಸಂತೆಯ ಗಲಾಟೆ, ಬಸ್ಸಿನ ಹಾರ್ನು, ಉಮ್ಮನ ಕೋಳಿಗಳು, ಎಲ್ಲ ಇದ್ದವು. ನಾನು ಮಾತ್ರ ಅವುಗಳ ನಡುವೆ ಇರಲಿಲ್ಲ. ಏಳಬೇಕು ಎಂದುಕೊಂಡು ಹಾಸಿಗೆಯಲ್ಲಿ ಮಲಗಿರುವಾಗ ಜಗಲಿಯ ಮೂಲೆಯ ಅಪ್ಪನ ಬೆನ್ನು ನೆನಪಾಗುತ್ತಿತ್ತು. ಅವರಿಗೂ ಹೀಗೆಯೇ ಆಗಿತ್ತೇನೋ, ಯಾರಿಗೂ ಹೇಳಲಿಲ್ಲ ಎಂದುಕೊಳ್ಳುತ್ತಿದ್ದೆ.

ಅಕ್ಕನಿಗೆ ಕಾಗದ ಬರೆದೆ. ಅವಳು ಭಾವನನ್ನು ಕಳಿಸಿದಳು. ಭಾವ ನನ್ನನ್ನು ಅದೇ ಮಡಿಕೇರಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ನನ್ನನ್ನು ಗುರುತು ಹಿಡಿದು ನಕ್ಕರು.

"ಹೆದರಬೇಡಿ. ಈ ಸಲ ನಮಗೆ ದಾರಿ ಗೊತ್ತುಂಟು" ಎಂದರು. "ಒಡಹುಟ್ಟಿದವರಲ್ಲಿ ಒಬ್ಬರಿಗೆ ಹಿಡಿದ ಮದ್ದು ಇನ್ನೊಬ್ಬರಿಗೂ ಹಿಡಿಯುವುದನ್ನು ನಾವು ಎಷ್ಟೋ ಕಡೆ ನೋಡಿದ್ದೇವೆ. ರಕ್ತ ಒಂದೇ ಅಲ್ಲವಾ? ನಿಮ್ಮ ಅಕ್ಕನಿಗೆ ಇಷ್ಟು ಚೆನ್ನಾಗಿ ಕೆಲಸ ಮಾಡಿತು. ನಿಮಗೂ ಮಾಡುತ್ತದೆ."

ಆಗ ನನಗೆ ತಿಳಿಯಿತು, ಅಪ್ಪನ ವಿಷಯ ಹೇಳಿದ್ದು ಯಾಕೆ ಒಳ್ಳೆಯದಾಗಿತ್ತೆಂದು. ನಮ್ಮ ಕಡೆ ಹೆಣ್ಣು ಕೊಡುವಾಗ ತರುವಾಗ ರಕ್ತದ ಮಾತು ಬಂದರೆ ಅದು ಬಾಗಿಲು ಹಾಕುವ ಮಾತು. ಈ ಡಾಕ್ಟರು ಅದೇ ರಕ್ತದಿಂದ ಮದ್ದು ಹುಡುಕುತ್ತಿದ್ದರು. ಅಷ್ಟಕ್ಕೇ ನನಗೆ ಅರ್ಧ ಗುಣವಾದ ಹಾಗಾಯಿತು.

ಅದೇ ಕೆಂಪು ಮಾತ್ರೆ, ಅದೇ ಅಳತೆ. ಒಂದು ವಾರಕ್ಕೆ ಬಾಯಿ ಒಣಗಿತು. ಪಾಠ ಮಾಡುವಾಗ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಮೊದಲೇ ಇದ್ದ ಮಲಬದ್ಧತೆ ಹೆಚ್ಚಾಯಿತು, ಕೈ ಸಣ್ಣಗೆ ನಡುಗಲು ಹಿಡಿಯಿತು. ಮೂರು ವಾರ ಕಳೆಯಿತು. ಐದು ವಾರ ಕಳೆಯಿತು. ಪ್ರತಿದಿನ ಬೆಳಿಗ್ಗೆ ಎದ್ದು, ಇವತ್ತು ಬಾಣಲೆ ಸುಟ್ಟ ದಿನ ಬಂದೀತೇ ಎಂದು ನನ್ನೊಳಗೆ ನಾನೇ ನೋಡಿಕೊಳ್ಳುತ್ತಿದ್ದೆ. ಡಾಕ್ಟರು ಮಾತ್ರೆ ಹೆಚ್ಚಿಸಿದರು. ತಲೆ ಸುತ್ತು ಬಂತು, ಅಷ್ಟೇ. ಮೂರನೆಯ ತಿಂಗಳು ಅವರ ಮುಖದಲ್ಲಿದ್ದ ನಗು ಕಡಿಮೆಯಾಗಿತ್ತು. "ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಿ ಅಲ್ಲವಾ?" ಎಂದು ಎರಡು ಸಲ ಕೇಳಿದರು.

ಅದೇ ಪ್ರಶ್ನೆ ಭಾವನ ಮೂಲಕ ಅಕ್ಕನಿಗೆ ಮುಟ್ಟಿರಬೇಕು. ಒಂದು ಶನಿವಾರ ಅವಳು ಬಸ್ಸು ಹತ್ತಿ ಒಬ್ಬಳೇ ಬಂದಳು. ಕೋಣೆಗೆ ಬಂದವಳು ಚೀಲ ಇಳಿಸಿ, ನನ್ನನ್ನು ನೋಡಿ, ಕಿಟಕಿಯ ಮೇಲಿದ್ದ ಮಾತ್ರೆಯ ಸೀಸೆ ತೆಗೆದಳು. ಮಂಚದ ಮೇಲೆ ಅದನ್ನು ಸುರಿದು ಎರಡೆರಡಾಗಿ ಎಣಿಸತೊಡಗಿದಳು. ನಾನು ಗೋಡೆಗೆ ಒರಗಿ ನೋಡುತ್ತಿದ್ದೆ. ಲೆಕ್ಕ ಸರಿಯಾಗಿತ್ತು. ಅದು ಅವಳಿಗೆ ಇನ್ನೂ ಕೋಪ ತಂದಿತು.

"ನಂಗೆ ಮೂರ್ ವಾರಲಿ ಗುಣ ಆತಲ್ಲ. ನಿಂಗೆ ಎಂತಕೆ ಆತ್ಲೆ?"

"ಗೊತ್ಲೆ ಅಕ್ಕ." ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

"ಗೊತ್ಲೆ ಅಂತ ಕೂತ್ರೆ ಆದಾ? ನಂಗೆ ಮೂರ್ ಮಕ್ಕ, ಅವುಕೋಸ್ಕರ ಎದ್ದೆ ನಾ. ನಿಂಗೆ ಎದ್ದೇಳಿಕೆ ಮನಸ್ಸೇ ಇಲ್ಲೆ."

ಅವಳು ಮಕ್ಕಳಿಗಾಗಿ ಎದ್ದದ್ದಲ್ಲ, ಮಾತ್ರೆ ಎಬ್ಬಿಸಿದ್ದು ಎಂದು ನನಗೆ ಗೊತ್ತಿತ್ತು. ಆ ಎರಡು ತಿಂಗಳು ಅವಳ ಮಗುವಿಗೆ ಹಾಲು ಕುಡಿಸಿದವಳು ನಾನು. ಆದರೆ ಗುಣವಾದವರಿಗೆ ತಾವೇ ಎದ್ದು ಬಂದೆವು ಅನ್ನಿಸುತ್ತದೆ. ಹಾಗನ್ನಿಸುವುದೂ ಗುಣವಾದದ್ದರ ಒಂದು ಭಾಗವೇ ಇರಬೇಕು. ಅವಳು ತಂದಿದ್ದ ಅಕ್ಕಿರೊಟ್ಟಿ, ಬಾಳೆಕಾಯಿ ಪಲ್ಯ ಬಿಚ್ಚಿಟ್ಟಳು. ಇಬ್ಬರೂ ಉಂಡೆವು. ಸಂಜೆಯ ಬಸ್ಸಿಗೆ ಅವಳನ್ನು ಹತ್ತಿಸಿ ನಿಂತಾಗ, ಬಸ್ಸಿನ ಕಿಟಕಿಯಿಂದ ಅವಳು ನನ್ನ ಕೈ ಹಿಡಿದು, ಕೈ ಎಷ್ಟು ತಣ್ಣಗಿದೆ ಎಂದಳು. ಬಸ್ಸು ಹೊರಟುಹೋಯಿತು.

ಮರುವಾರ ನಾನು ಅವಳಿಗೆ ಗುಣವಾಗುತ್ತಿದೆ ಎಂದು ಕಾಗದ ಹಾಕಿದೆ. ಡಾಕ್ಟರ ಹತ್ತಿರ ಹೋಗುವುದನ್ನು ನಿಲ್ಲಿಸಿದೆ. ಮಾತ್ರೆ ಮುಗಿದ ಮೇಲೆ ಮತ್ತೆ ತರಲಿಲ್ಲ.

ಸುಳ್ಳು ಹೇಳಿದ ಮೇಲೆ ಅದನ್ನು ಉಳಿಸಿಕೊಳ್ಳುವುದು ಒಂದು ದುಡಿಮೆ. ಹಬ್ಬಕ್ಕೆ ಅಕ್ಕನ ಮನೆಗೆ ಹೋದರೆ ನಗಬೇಕು. ಅವಳ ಮಕ್ಕಳನ್ನು ಎತ್ತಿ ಆಡಿಸಬೇಕು. ನಾನು ಹೋಗುವುದನ್ನೇ ಕಡಿಮೆ ಮಾಡಿದೆ. ಶಾಲೆಯಲ್ಲಿ ಪರೀಕ್ಷೆ ಕೆಲಸ ಇದೆ, ಚುನಾವಣೆ ಕೆಲಸ ಇದೆ ಎಂದು ಬರೆದೆ. ಅವಳಿಗೂ ಸಂಸಾರ, ಮೂರು ಮಕ್ಕಳು. ಕಾಗದಗಳ ನಡುವಿನ ಅಂತರ ಹೆಚ್ಚಿತು. ಹೀಗೆ ಒಂದು ವರ್ಷಕ್ಕೂ ಹೆಚ್ಚು ಕಳೆಯಿತು. ಆ ವರ್ಷದಲ್ಲಿ ನನಗೆ ಸ್ವಂತ ಮಾತು ಎಂದು ಆಡಿದ ನೆನಪಿರುವುದು ಉಮ್ಮನ ಜೊತೆ ಮಾತ್ರ. ಅವರು ದಿನಾ ಸಂಜೆ ಹಿತ್ತಲ ಬಾಗಿಲಿನಿಂದ, "ಟೀಚರೇ, ಕಂಞಿ ಕುಡಿಚ್ಚೋ?" ಎಂದು ಕೇಳುತ್ತಿದ್ದರು. ಗಂಜಿ ಕುಡಿದೆಯಾ ಎಂದು. ಇಲ್ಲವೆಂದರೆ ಒಂದು ಪಿಂಗಾಣಿ ಬಟ್ಟಲಲ್ಲಿ ತಂದಿಟ್ಟು, ನಾನು ಕುಡಿಯುವ ತನಕ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಯಾಕೆ ಎಂದು ಒಂದು ದಿನವೂ ಕೇಳಲಿಲ್ಲ.

ಶಾಲೆಯಲ್ಲಿ ನನ್ನ ಸ್ವರ ಕೆಟ್ಟಿತು. ದಪ್ಪ, ಗೊಗ್ಗರು ಸ್ವರ. ಮಕ್ಕಳು ಬೆನ್ನ ಹಿಂದೆ ಅದನ್ನು ಅನುಕರಿಸಿ ನಗುತ್ತಿದ್ದರು. ಹೆಡ್ಮಾಸ್ಟರು ಸೋಮವಾರಪೇಟೆ ಕಡೆಯವರು, ಕೆಟ್ಟವರಲ್ಲ. ಒಂದು ದಿನ ಅವರು ನನ್ನನ್ನು ಕರೆದರು.

"ಏನಮ್ಮಾ, ಹಾಜರಿ ಪುಸ್ತಕ ಮೂರು ದಿವಸದಿಂದ ಹಂಗೇ ಐತಲ್ಲ. ಮೈಸೂರಿನೋರು ಹೊಸಾ ನಮೂನೆ ಕಳ್ಸವ್ರೆ, ಇನ್‌ಸ್ಪೆಕ್ಟರು ಬಂದ್ರೆ ನಾನೇನು ಹೇಳ್ಲಿ? ಒಂದನೇ ಕ್ಲಾಸಿಗೆ ಹೋಗಿ, ಅಲ್ಲಿ ಬರೆಯೋದು ಕಮ್ಮಿ."

ಹೀಗೆ ನಾಲ್ಕನೆಯ ಕ್ಲಾಸಿನಿಂದ ನಾನು ಒಂದನೆಯದಕ್ಕೆ ಬಂದೆ. ನನಗೆ ಬೇಸರವಾಗಲಿಲ್ಲ. ಬೇಸರವಾಗಬೇಕಿತ್ತು ಎಂದು ಮಾತ್ರ ತೋಚಿತು. ಕುರ್ಚಿಯಲ್ಲಿ ಕೂತಲ್ಲೇ ತೂಕಡಿಸಿದ್ದನ್ನು ಊರಿನ ನಾಲ್ಕು ಜನ ನೋಡಿದರು. ಟೀಚರಿಗೆ ತಲೆ ಸರಿಯಿಲ್ಲ ಎಂಬ ಮಾತು ಅಂಗಡಿಯಿಂದ ಅಂಗಡಿಗೆ ದಾಟಿತು. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿದ್ದರೂ ಹೆಂಗಸರು ನಿಂತೇ ಹೋಗುತ್ತಿದ್ದರು.

ಆ ಬೇಸಿಗೆಗೆ ಮುಂಚೆ ಮಕ್ಕಳ ಆರೋಗ್ಯ ನೋಡಲು ಒಬ್ಬ ಡಾಕ್ಟರಮ್ಮ ಶಾಲೆಗೆ ಬಂದರು. ಐವತ್ತು ದಾಟಿದವರು, ಬಿಳಿ ಸೀರೆ, ದಪ್ಪ ಕನ್ನಡಕ. ಮಂಗಳೂರಿನ ಕಡೆಯ ಕನ್ನಡ ಮಾತಾಡುತ್ತಿದ್ದರು. ನನ್ನ ಕ್ಲಾಸಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕಣ್ಣು, ನಾಲಿಗೆ, ಕುತ್ತಿಗೆ ನೋಡುತ್ತಾ ಹೋದರು. ನಾನು ಹೆಸರು ಓದುತ್ತಿದ್ದೆ. ಐದನೆಯ ಹೆಸರಿಗೋ ಆರನೆಯದಕ್ಕೋ ಅವರು ಕೈ ನಿಲ್ಲಿಸಿ ನನ್ನ ಕಡೆ ತಿರುಗಿದರು.

"ನಿಮ್ಮ ಸ್ವರ ಯಾವಾಗಿನಿಂದ ಹೀಗೆ ಆದದ್ದು?"

"ಒಂದು ವರ್ಷ ಆಗಿರಬಹುದು."

"ಇಷ್ಟು ಸೆಖೆಗೆ ಸ್ವೆಟರ್ ಎಂತಕ್ಕೆ?"

"ಚಳಿ ಆಗುತ್ತದೆ."

ಅವರು ಎದ್ದು ಬಂದು ನನ್ನ ಮಣಿಕಟ್ಟು ಹಿಡಿದರು. ಗಡಿಯಾರ ನೋಡುತ್ತಾ ಬಹಳ ಹೊತ್ತು ನಿಂತರು. ಮುಂಗೈಯ ಚರ್ಮ ಒತ್ತಿ ನೋಡಿದರು. ಆಮೇಲೆ ಹೆಬ್ಬೆರಳಿನಿಂದ ನನ್ನ ಹುಬ್ಬಿನ ಹೊರ ತುದಿ ಸವರಿದರು. ಅಲ್ಲಿ ಕೂದಲು ಉದುರಿಹೋದದ್ದು ನನಗೇ ಗೊತ್ತಿರಲಿಲ್ಲ. ಮಕ್ಕಳೆಲ್ಲ ಬಾಯಿಬಿಟ್ಟು ನೋಡುತ್ತಿದ್ದರು. ಎಷ್ಟೋ ಕಾಲದ ನಂತರ ಒಬ್ಬರು ನನ್ನ ಮುಖವನ್ನು ಮುಟ್ಟಿದ್ದರು.

"ಸೋಮವಾರ ಮಡಿಕೇರಿ ಆಸ್ಪತ್ರೆಗೆ ಬನ್ನಿ. ತಪ್ಪಿಸಬೇಡಿ ಆಯ್ತಾ? ಬರದಿದ್ದರೆ ನಾನೇ ಹುಡುಕಿಕೊಂಡು ಬರ್ತೇನೆ."

ಸೋಮವಾರ ಅವರು ನನ್ನನ್ನು ಒಂದು ಕುರ್ಚಿಯ ಮೇಲೆ ಮಂಡಿಯೂರಿ ಕೂರಿಸಿದರು. ಹಿಮ್ಮಡಿಯ ಮೇಲಿನ ನರಕ್ಕೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಪಾದ ಚಟಕ್ಕನೆ ಕುಣಿದು ಹಿಂದಕ್ಕೆ ಬರಬೇಕಂತೆ. ನನ್ನದು ಕುಣಿಯಿತು, ಹಿಂದಕ್ಕೆ ಬರಲು ಮಾತ್ರ ಆರಾಮವಾಗಿ ಹೊತ್ತು ತೆಗೆದುಕೊಂಡಿತು. ಅವರು ನರ್ಸನ್ನು ಕರೆದು ಇನ್ನೊಮ್ಮೆ ತಟ್ಟಿ ತೋರಿಸಿದರು.

"ನಿಮ್ಮ ಮನೆಯಲ್ಲಿ ಯಾರಿಗಾದರೂ ಕುತ್ತಿಗೆಯಲ್ಲಿ ಬಾವು ಇತ್ತಾ?"

ಈ ಸಲ ಯೋಚಿಸಬೇಕಾಗಲಿಲ್ಲ. ಅವ್ವನ ಕುತ್ತಿಗೆಯ ಮುಂದೆ ನಿಂಬೆಹಣ್ಣಿನಷ್ಟು ಗಡ್ಡೆ ಇತ್ತು. ಅವಳ ತಾಯಿಗೆ ಇನ್ನೂ ದೊಡ್ಡದಿತ್ತು. ಬೆಟ್ಟದ ನೀರಿನಿಂದ ಬರುತ್ತದೆ ಎಂದು ನಮ್ಮ ಕಡೆ ಹೇಳುತ್ತಿದ್ದರು. ಅವ್ವ ಅದರ ಮೇಲೆ ಚಿನ್ನದ ಪವನಿನ ಸರ ಇಳಿಬಿಟ್ಟು ಮುಚ್ಚುತ್ತಿದ್ದಳು. ಕೊನೆಯ ವರ್ಷಗಳಲ್ಲಿ ಅವಳೂ ಒಲೆಯ ಮುಂದೆಯೇ ಕೂತಿರುತ್ತಿದ್ದಳು, ಸ್ವರ ಒಡೆದಿತ್ತು. ವಯಸ್ಸಾಯಿತು ಎಂದುಕೊಂಡಿದ್ದೆವು. ಅವಳಿಗೆ ಆಗ ಐವತ್ತೂ ಆಗಿರಲಿಲ್ಲ.

ನಾನು ಕೆಂಪು ಮಾತ್ರೆಯ ಕಥೆಯನ್ನೂ ಹೇಳಿದೆ. ಅಕ್ಕನಿಗೆ ಹಿಡಿದದ್ದು, ನನಗೆ ಹಿಡಿಯದಿದ್ದದ್ದು, ಅವಳು ಎಣಿಸಿದ್ದು. ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿದರು.

"ನಿಮ್ಮ ಕುತ್ತಿಗೆಯಲ್ಲಿ ಒಂದು ಗ್ರಂಥಿ ಉಂಟು. ಮೈಯ ಬೆಂಕಿಯನ್ನು ಅದು ನೋಡಿಕೊಳ್ಳುವುದು. ನಿಮ್ಮದು ಕೆಲಸ ನಿಲ್ಲಿಸುತ್ತಾ ಬಂದಿದೆ. ಅದು ಸರಿಯಿಲ್ಲದಿದ್ದರೆ ಮನಸ್ಸಿಗೆ ಎಷ್ಟು ಮದ್ದು ಕೊಟ್ಟರೂ ತಾಗುವುದು ಕಷ್ಟ. ಅಕ್ಕ ತಂಗಿ ಒಂದೇ ರಕ್ತ ಹೌದು. ಆದರೆ ಮನೆಯಲ್ಲಿ ಇರುವುದೆಲ್ಲ ಒಂದೇ ಮಗುವಿಗೆ ಬರುವುದಿಲ್ಲ ಮಾರಾಯ್ತಿ. ತಂದೆಯ ಕಡೆಯದ್ದು ನಿಮ್ಮಿಬ್ಬರಿಗೂ ಬಂದಿರಬಹುದು. ತಾಯಿಯದ್ದು ನಿಮಗೆ ಮಾತ್ರ ಬಂದ ಹಾಗೆ ಕಾಣುತ್ತದೆ. ನೀವು ಎಂತ ತಪ್ಪು ಮಾಡಿದ್ದಲ್ಲ."

ಕೊನೆಯ ಮಾತನ್ನು ಅವರು ಹೇಳಿದ ಮೇಲೆ ನಾನು ಅತ್ತೆ. ಅದು ಆ ಎರಡು ವರ್ಷದಲ್ಲಿ ಮೊದಲ ಅಳು. ಅವರು ಅಳಲು ಬಿಟ್ಟು ಚೀಟಿ ಬರೆದರು. ಬರೆಯುತ್ತಾ ತಲೆಯೆತ್ತಿದರು.

"ಈ ಮಾತ್ರೆ ಪ್ರಾಣಿಯ ಗ್ರಂಥಿ ಒಣಗಿಸಿ ಮಾಡುವುದು. ಮಾಂಸ ತಿನ್ನುತ್ತೀರಾ? ಇಲ್ಲದಿದ್ದರೆ ಮೊದಲೇ ಹೇಳಿ."

"ನಾವು ಹಂದಿ ತಿನ್ನುವ ಜನ" ಎಂದೆ ಮೂಗೊರೆಸಿಕೊಳ್ಳುತ್ತಾ. ಅವರು ಜೋರಾಗಿ ನಕ್ಕರು. ನನಗೂ ತುಟಿ ಅಲುಗಿದ ಹಾಗಾಯಿತು.

ಮೊದಲು ಕಾಲು ಮಾತ್ರೆ, ಆಮೇಲೆ ಅರ್ಧ. ಹೃದಯಕ್ಕೆ ಭಾರವಾಗಬಾರದೆಂದು ನಿಧಾನವಾಗಿ ಹೆಚ್ಚಿಸಿದರು. ಆರೇಳು ವಾರದಲ್ಲಿ ಮೈ ಬೆಚ್ಚಗಾಯಿತು. ಒಂದು ದಿನ ಶಾಲೆಗೆ ನಡೆಯುವಾಗ ಬೆನ್ನು ಬೆವರಿತು. ಸ್ವೆಟರ್ ತೆಗೆದು ತೋಳಿಗೆ ಹಾಕಿಕೊಂಡೆ. ಉಂಗುರ ಸಡಿಲವಾಯಿತು. ಸ್ವರ ತಿಳಿಯಾಗುತ್ತಾ ಬಂತು. ಉಮ್ಮ ಎರಡು ಕೈಯಲ್ಲಿ ನನ್ನ ಕೆನ್ನೆ ಹಿಡಿದು ನೋಡಿ, "ನಲ್ಲದಾಯಿ" ಎಂದರು. ಒಳ್ಳೆಯದಾಯಿತು ಎಂದು.

ಎಲ್ಲರೂ ಹಾಗೆಯೇ ಅಂದುಕೊಂಡರು. ನಾನೂ ಹಾಗೆಯೇ ಅಂದುಕೊಳ್ಳಲು ನೋಡಿದೆ. ಆದರೆ ಮೈ ಎದ್ದ ಮೇಲೆ ಮನಸ್ಸು ಏಳದೆ ಇದ್ದದ್ದು ಇನ್ನೂ ಸ್ಪಷ್ಟವಾಗಿ ಕಂಡಿತು. ಮೊದಲು ಮಂಪರು ಅದನ್ನು ಮುಚ್ಚಿತ್ತು. ಈಗ ಬೆಳಿಗ್ಗೆ ನಾಲ್ಕಕ್ಕೇ ಎಚ್ಚರವಾಗಿ, ಕಳೆದ ಎರಡು ವರ್ಷವನ್ನು ಒಂದೊಂದಾಗಿ ನೋಡುತ್ತಾ ಮಲಗಿರುತ್ತಿದ್ದೆ. ಡಾಕ್ಟರಮ್ಮನಿಗೆ ಇದನ್ನು ಹೇಳಲು ನಾಚಿಕೆಯಾಯಿತು. ಅವರ ಮದ್ದೂ ತಾಗಲಿಲ್ಲ ಎಂದರೆ ಏನೆಂದುಕೊಂಡಾರು ಎಂದು. ಮತ್ತೊಮ್ಮೆ ಸುಳ್ಳು ಹೇಳಲು ಬಾಯಿ ತೆರೆದೆ. ಆದರೆ ಹೇಳಲಿಲ್ಲ. ನಿಜ ಹೇಳಿದೆ.

ಅವರಿಗೆ ಆಶ್ಚರ್ಯವಾಗಲಿಲ್ಲ. "ಈಗ ಆ ಕೆಂಪು ಮಾತ್ರೆಗೆ ನೆಲ ಹದವಾಗಿದೆ" ಎಂದು ಹೇಳಿ ನನ್ನನ್ನು ಮೊದಲಿನ ಡಾಕ್ಟರ ಹತ್ತಿರ ಕಳಿಸಿದರು.

ಆ ಡಾಕ್ಟರು ಡಾಕ್ಟರಮ್ಮನ ಚೀಟಿಯನ್ನು ಎರಡು ಸಲ ಓದಿದರು. ಮೇಜಿನ ಮೇಲಿಟ್ಟು ಅದನ್ನು ಅಂಗೈಯಿಂದ ನೇವರಿಸಿದರು.

"ನಾನು ನಿಮ್ಮ ಅಕ್ಕನನ್ನು ನೋಡಿದೆ. ನಿಮ್ಮನ್ನು ನೋಡಲಿಲ್ಲ" ಎಂದರು. "ನಾಡಿ ಸಹ ಹಿಡಿದು ನೋಡಲಿಲ್ಲ, ಅಲ್ಲವಾ?"

"ನೆನಪಿಲ್ಲ ಸಾರ್" ಎಂದೆ. ನೆನಪಿತ್ತು. ಹಿಡಿದಿರಲಿಲ್ಲ.

ಅದೇ ಮಾತ್ರೆಯನ್ನು ಈ ಸಲ ಕಡಿಮೆ ಅಳತೆಯಲ್ಲಿ ಕೊಟ್ಟರು. ವಾರಕ್ಕೊಮ್ಮೆ ಕರೆಸಿ, ಪ್ರತಿ ಸಲವೂ ನಾಡಿ ಹಿಡಿದು ನೋಡಿದರು. ನಾಲ್ಕನೆಯ ವಾರ ಏನೂ ದೊಡ್ಡದಾಗಿ ನಡೆಯಲಿಲ್ಲ. ಒಂದನೆಯ ಕ್ಲಾಸಿನ ಒಂದು ಹುಡುಗಿ ಸ್ಲೇಟಿನಲ್ಲಿ 'ಕ' ಅಕ್ಷರವನ್ನು ತಿರುವು ಮುರುವು ಬರೆದು ತಂದು ತೋರಿಸಿದಳು. ನನಗೆ ನಗು ಬಂತು. ಮಗು ಹೆದರಿ ಸ್ಲೇಟು ಎಳೆದುಕೊಂಡಿತು. ಅದನ್ನು ಸಮಾಧಾನ ಮಾಡುತ್ತಿರುವಾಗ ನನಗೆ ಹಸಿವಾಗಿತ್ತು. ಮಧ್ಯಾಹ್ನದ ಗಂಟೆ ಯಾವಾಗ ಹೊಡೆಯುತ್ತಾರೆ ಎಂದು ಕಾದೆ.

ಅಕ್ಕನಿಗೆ ಎಲ್ಲವನ್ನೂ ಬರೆದೆ, ಹೇಳಿದ ಸುಳ್ಳನ್ನೂ ಸೇರಿಸಿ. ಅವಳ ಉತ್ತರ ಬಂತು. ನಿನಗೆ ಗುಣವಾದದ್ದು ಕೇಳಿ ಸಂತೋಷ, ಮಕ್ಕಳು ಚೆನ್ನಾಗಿದ್ದಾರೆ, ಕರಿಮೆಣಸು ಈ ಸಲ ಕಡಿಮೆ ಎಂದಿತ್ತು. ಮಾತ್ರೆ ಎಣಿಸಿದ ವಿಷಯ ಇರಲಿಲ್ಲ. ನಾನು ಅದಕ್ಕಾಗಿಯೇ ಕಾಗದವನ್ನು ಎರಡು ಸಲ ಓದಿದ್ದೆ.

ಆ ವರ್ಷವೇ ಭಾವನ ತಂಗಿಗೆ ಸಂಬಂಧ ನೋಡುತ್ತಿದ್ದರು. ಹುಡುಗನ ಕಡೆಯವರು ಮಾದಾಪುರದವರು, ನಮ್ಮ ಶಾಲೆಯ ಊರಿಗೆ ಹತ್ತಿರ. ಹುಡುಗಿ ನೋಡುವ ಶಾಸ್ತ್ರಕ್ಕೆ ನಾನು ಒಂದು ದಿನ ಮುಂಚೆ ಹೋಗಿ ಕಡುಬಿಗೆ ಸಹಾಯ ಮಾಡುವುದೆಂದು ಮೊದಲೇ ಮಾತಾಗಿತ್ತು. ಎರಡು ದಿನವಿರುವಾಗ ಭಾವ ಶಾಲೆಗೆ ಬಂದರು. ಜಗಲಿಯ ಕಂಬದ ಹತ್ತಿರ ನಿಂತು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ, ಬಿಸಿಲಿನ ವಿಷಯ, ಬಸ್ಸಿನ ವಿಷಯ ಮಾತಾಡಿದರು.

"ನಿನ್ನ ಅಕ್ಕ ಹೇಳಿ ಕಳಿಸಿದ್ದು" ಎಂದರು ಕೊನೆಗೆ. "ಹುಡುಗನ ಕಡೆಯವರು ಇಲ್ಲಿಯ ಸಂತೆಗೆ ಬರುವವರು. ನಿನ್ನ ವಿಷಯ ಏನೇನೋ ಕೇಳಿದ್ದಾರೆ. ಈಗ ನೀನು ಚೆನ್ನಾಗಿದ್ದೀಯ, ಅದು ನಮಗೆ ಗೊತ್ತುಂಟು. ಆದರೂ ಆ ದಿನ ಒಂದು ನೀನು..."

"ಬರುವುದಿಲ್ಲ ಭಾವ" ಎಂದೆ.

ಅವರಿಗೆ ಹಗುರವಾಯಿತು. ಮಕ್ಕಳು ಕಾಯುತ್ತಿದ್ದಾರೆ ಎಂದು ಹೇಳಿ ನಾನು ಒಳಗೆ ಹೋದೆ. ಅಕ್ಕನ ಕಾಯಿಲೆ ಮನೆಯೊಳಗೆ ಎರಡು ಮೂರು ತಿಂಗಳಲ್ಲಿ ಮುಗಿದಿತ್ತು. ನನ್ನದು ಎರಡು ವರ್ಷ ಊರಿನ ಕಣ್ಣ ಮುಂದೆ ಕುರ್ಚಿಯಲ್ಲಿ ತೂಕಡಿಸಿತ್ತು. ಇಬ್ಬರಿಗೂ ಬಂದದ್ದು ಒಂದೇ ಮನೆಯಿಂದ. ನನ್ನದಕ್ಕೆ ಹೆಸರು ಬಂತು, ಅವಳದಕ್ಕೆ ಬರಲಿಲ್ಲ. ಅದಕ್ಕೂ ಮೊದಲು ನನಗೆ ಬಂದಿದ್ದ ಒಂದು ಸಂಬಂಧದ ಮಾತೂ ಆ ಎರಡು ವರ್ಷದಲ್ಲಿ ಸದ್ದಿಲ್ಲದೆ ನಿಂತುಹೋಗಿತ್ತು. ಮತ್ತೆ ಯಾರೂ ಕೇಳಲಿಲ್ಲ. ನಾನು ಉಮ್ಮನ ಹಿಂದಿನ ಕೋಣೆಯಲ್ಲಿಯೇ ಉಳಿದೆ. ಅವರು ತೀರಿಕೊಂಡ ಮೇಲೆ ಅವರ ಮಗ ಬಾಡಿಗೆ ಮುಂದುವರಿಸಿದ.

ಡಾಕ್ಟರಮ್ಮನಿಗೆ ವರ್ಗವಾಯಿತು. ಹೋಗುವ ಮುಂಚೆ ಕುತ್ತಿಗೆಯ ಮಾತ್ರೆಯನ್ನು ಜೀವಮಾನ ಪೂರ್ತಿ ಬಿಡಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡರು. ಕೆಂಪು ಮಾತ್ರೆಯನ್ನು ಒಂದು ವರ್ಷದ ನಂತರ ಡಾಕ್ಟರು ನಿಧಾನವಾಗಿ ನಿಲ್ಲಿಸಿದರು. ಮಧ್ಯ ವಯಸ್ಸಿನಲ್ಲಿ ಒಮ್ಮೆ ಮತ್ತೆ ಬೇಕಾಯಿತು. ಆಗ ನಾನು ಕಾಯಲಿಲ್ಲ.

ಅಕ್ಕ ಮತ್ತು ನಾನು ಈ ವಿಷಯ ಮಾತಾಡಿದ್ದು ಒಂದೇ ಸಲ, ಅವಳ ಹಿರಿಯ ಮಗಳ ಮದುವೆಯ ಮರುದಿನ. ಆ ಮದುವೆಗೆ ಅವಳೇ ಬಂದು ನನ್ನನ್ನು ಕರೆದಿದ್ದಳು, ಒಂದು ವಾರ ಮುಂಚೆಯೇ ಬರಬೇಕೆಂದು. ನೆಂಟರೆಲ್ಲ ಹೋಗಿದ್ದರು. ಹಿತ್ತಲಲ್ಲಿ ಇಬ್ಬರೂ ಉಳಿದ ಬಾಳೆಲೆ ವಿಂಗಡಿಸುತ್ತಾ ಕೂತಿದ್ದೆವು. ಅವಳು ತಲೆಯೆತ್ತದೆ ಕೇಳಿದಳು.

"ನಿಂಗೆ ಆಗ ಹೆಂಗೆ ಆಗ್ತಿತ್ತ್?"

ನಾನು ಹೇಳುವ ಮೊದಲು ಅವಳೇ ಹೇಳಿದಳು. "ನಂಗೆ ಬರೀ ಹೆದ್ರಿಕೆ. ಮಗು ನನ್ನ ಕೈಂದ ಬಿದ್ದ್ ಹೋದು ಅಂತ. ಅದ್ಕೇ ಎತ್ತ್‌ತಿತ್ಲೆ. ಬಾವಿ ಹತ್ರ ಹೋಕೆ ಆಗ್ತಿತ್ಲೆ. ಯಾರ್‌ಗೂ ಹೇಳಿತ್ಲೆ ನಾ."

ಇಷ್ಟು ವರ್ಷ ನಾನು ಅವಳ ಮೌನವನ್ನು ನನ್ನ ಮೌನದಂತೆಯೇ ಎಂದುಕೊಂಡಿದ್ದೆ. ಆ ಒಲೆಯ ಪಕ್ಕದ ಮಣೆಯ ಮೇಲೆ ಅವಳು ಒಳಗೊಳಗೆ ನಡುಗುತ್ತಾ ಕೂತಿದ್ದಳು. ನಾನು ಪಕ್ಕದಲ್ಲೇ ಮಗುವಿಗೆ ಹಾಲು ಕುಡಿಸುತ್ತಿದ್ದೆ.

"ನಂಗೆ ಹೆದ್ರಿಕೆನೂ ಇತ್ಲೆ" ಎಂದೆ.

"ಮತ್ತೆ ಎಂತ ಇತ್ತ್?"

"ಎಂತದೂ ಇತ್ಲೆ. ಅದೇ ಇದ್ದದ್."

ಅವಳು ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟು ನನ್ನನ್ನು ನೋಡಿದಳು. ಏನೂ ಇಲ್ಲದಿರುವುದು ಎಂದರೆ ಏನೆಂದು ಅವಳಿಗೆ ತಿಳಿಯಲಿಲ್ಲ ಎಂದು ಅವಳ ಮುಖದಲ್ಲಿ ಕಂಡಿತು. ಅವಳ ಹೆದರಿಕೆ ನನಗೂ ತಿಳಿದಿರಲಿಲ್ಲ. ತಿಳಿದಂತೆ ತಲೆಯಾಡಿಸಿದ್ದೆ, ಅಷ್ಟೇ. ಏನೋ ಹೇಳಲು ಹೊರಟವಳನ್ನು ಒಳಗಿನಿಂದ ಭಾವ ಕರೆದರು, ಬಾಡಿಗೆ ಪಾತ್ರೆಯ ಅಂಗಡಿಯವನು ಬಂದಿದ್ದಾನೆ, ಅಂಡೆಗಳನ್ನು ಎಣಿಸಿ ಕೊಡು ಎಂದು. ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿ ಎದ್ದು ಹೋದಳು. ಹರಿದ ಎಲೆಗಳನ್ನು ಒಂದು ಕಡೆ, ಚೆನ್ನಾಗಿದ್ದವನ್ನು ಒಂದು ಕಡೆ ಮಾಡುತ್ತಾ ನಾನು ಅಲ್ಲಿಯೇ ಕೂತೆ.